ನಾಣ್ಯದ ಏರಿಳಿತವೂ ನಮ್ಮ ಹತ್ತಿಯ ಧಾರಣೆಯೂ

(ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿ, ಅರ್ಥಶಾಸ್ತ್ರ ವಿಭಾಗ)

ಬೈಲಹೊಂಗಲದ ಹತ್ತಿಯ ಪೇಟೆಯನ್ನು ಕಾಣದ ವಿದ್ಯಾರ್ಥಿಯು ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ೨೦೨೩ನೆಯ ಇಸವಿಯ ಬೇಸಿಗೆಯಲ್ಲಿ ನಾನು ತಂದೆಯವರೊಡನೆ ಅಂಡಿಗೆಗಳನ್ನು ಹೇರಿಕೊಂಡು ಅಲ್ಲಿಗೆ ಹೋಗಿದ್ದೆ. ಹಿಂದಿನ ವರುಷ ಕ್ವಿಂಟಾಲಿಗೆ ಹತ್ತು ಸಾವಿರ ರೂಪಾಯಿ ದಾಟಿದ್ದ ಹತ್ತಿ ಮತ್ತೆ ಆ ಧಾರಣೆಯನ್ನು ಕಂಡೀತೆಂದು ನಾವು ಚಳಿಗಾಲವೆಲ್ಲ ಪಡಸಾಲೆಯಲ್ಲಿ ತುಂಬಿಟ್ಟುಕೊಂಡು ಕುಳಿತಿದ್ದೆವು. ಸವಾಲಿನಲ್ಲಿ ಏಳು ಸಾವಿರದ ಆಸುಪಾಸಿಗೆ ನಿಂತಿತು. ತಂದೆಯವರು ದಲಾಲಿ ಅಂಗಡಿಯವರನ್ನು, "ಯಾಕ್ರೀ ಸಾವಕಾರ್ರ, ಇಷ್ಟ್ಯಾಕ ಇಳೀತು?" ಎಂದು ಕೇಳಿದರು. ಅವರು ಕೈಯಲ್ಲಿಯ ಮೊಬೈಲನ್ನು ನೋಡುತ್ತ, "ಏನ್ ಮಾಡೂದ್ರಿ ಅಣ್ಣಾರ, ನ್ಯೂಯಾರ್ಕ ಬಿದ್ದೈತಿ. ಡಾಲರ್ ಒಂದ ಏರೇತಿ ಅಂತ ಇಷ್ಟರ ಉಳದೈತಿ" ಅಂದರು.

ಊರಿಗೆ ಮರಳುವಾಗ ತಂದೆಯವರು ನನ್ನನ್ನು ಕೇಳಿದರು: "ನೀ ಇಕಾನಾಮಿಕ್ಸ್ ಓದಾಕತ್ತೀಯಲ್ಲ, ಡಾಲರ್ ಏರಿದ್ರ ನಮಗ ಛಲೋನೋ ಕೆಟ್ಟೋ?" ನನಗೆ ಉತ್ತರ ಹೇಳಲಾಗಲಿಲ್ಲ. ಪುಸ್ತಕದಲ್ಲಿ ವಿದೇಶೀ ವಿನಿಮಯದ ಅಧ್ಯಾಯವನ್ನು ಓದಿ ಪರೀಕ್ಷೆಯಲ್ಲಿ ಅಂಕಗಳನ್ನು ಪಡೆದಿದ್ದೆನಾದರೂ ಆ ಅಧ್ಯಾಯಕ್ಕೂ ನಮ್ಮ ಅಂಡಿಗೆಗೂ ಇರುವ ನಂಟು ನನಗೆ ಹೊಳೆದಿರಲಿಲ್ಲ. ಆ ಮೇಲೆ ಗ್ರಂಥಾಲಯದಲ್ಲಿ ಕುಳಿತು ತಿಳಿದುಕೊಂಡದ್ದನ್ನು ಇಲ್ಲಿ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕು.

ಮೊದಲು ವಿಷಯವೇನೆಂಬದನ್ನು ಸ್ಪಷ್ಟಮಾಡಿಕೊಳ್ಳುವಾ. ಒಬ್ಬನ ಗಳಿಕೆ ಒಂದು ನಾಣ್ಯದಲ್ಲಿದ್ದು ಅವನ ಸಾಲ ಅಥವಾ ಖರ್ಚು ಇನ್ನೊಂದು ನಾಣ್ಯದಲ್ಲಿದ್ದರೆ, ಆ ಎರಡು ನಾಣ್ಯಗಳ ನಡುವಿನ ದರ ಬದಲಾದಾಗ ಅವನು ಏನೂ ಮಾಡದೆಯೇ ಬಡವನಾಗಬಹುದು, ಇಲ್ಲವೆ ಸಿರಿವಂತನಾಗಬಹುದು. ಇದೇ ನಾಣ್ಯದ ಗಂಡಾಂತರ. ಬಿತ್ತುವಾಗ ಒಂದು ದರವಿದ್ದು ಮಾರುವಾಗ ಇನ್ನೊಂದಾದರೂ ಅದೇ ಮಾತು. ಈ ಗಂಡಾಂತರವು ಅಮೇರಿಕೆಯಂಥ ದೇಶಕ್ಕಿಂತ ಭಾರತ, ಥಾಯ್ಲಂಡ, ಬ್ರಾಝಿಲ, ತುರ್ಕಸ್ತಾನಗಳಂಥ ಮುಂದುವರಿಯುತ್ತಿರುವ ದೇಶಗಳಿಗೆ ಯಾಕೆ ಹೆಚ್ಚೆಂಬದೇ ನಮ್ಮ ಪ್ರಶ್ನೆ.

ಇದು ಹೊಸ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಕಿತ್ತೂರು ಸಂಸ್ಥಾನವಿದ್ದ ಕಾಲಕ್ಕೆ ನಮ್ಮ ಪೇಟೆಗಳಲ್ಲಿ ಒಂದೇ ಬಗೆಯ ನಾಣ್ಯ ನಡೆಯುತ್ತಿರಲಿಲ್ಲ. ಹೊನ್ನು, ವರಹ, ಬೇರೆ ಬೇರೆ ಟಂಕಸಾಲೆಗಳ ರೂಪಾಯಿಗಳು ಒಟ್ಟಿಗೇ ಚಲಾವಣೆಯಲ್ಲಿದ್ದವು. ಒಂದನ್ನು ಇನ್ನೊಂದಕ್ಕೆ ಬದಲಿಸಿಕೊಳ್ಳುವಾಗ ಸರಾಫನು ಬಟ್ಟಾ ಮುರಿದುಕೊಳ್ಳುತ್ತಿದ್ದನು. ೧೮೨೪ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜರು ತೀರಿಕೊಂಡೊಡನೆ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರಿನ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಅದರಿಂದ ಮುಂದೆ ನಡೆದುದೆಲ್ಲ ನಮ್ಮ ಮಕ್ಕಳಿಗೂ ಬಾಯಿಪಾಠ. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡ ಆರು ವರುಷಗಳ ತರುವಾಯ, ಅಂದರೆ ೧೮೩೫ರಲ್ಲಿ, ಕಂಪನಿ ಸರಕಾರವು ತನ್ನ ಆಳಿಕೆಯಲ್ಲಿದ್ದ ನಾಡಿಗೆಲ್ಲ ೧೮೦ ಗ್ರೇನ್ ತೂಕದ ಒಂದೇ ಬೆಳ್ಳಿಯ ರೂಪಾಯಿಯನ್ನು ಗೊತ್ತುಮಾಡಿತು. ಊರೂರಿನ ಬಟ್ಟಾ ಕ್ರಮೇಣ ತಪ್ಪಿತು. ಆದರೆ ಬಟ್ಟಾ ಎಂಬದು ಸತ್ತುಹೋಗಲಿಲ್ಲ. ಅದು ಪೇಟೆಯನ್ನು ಬಿಟ್ಟು ಸಮುದ್ರದ ಆಚೆಗೆ, ಮುಂಬಯಿಗೂ ಲಂಡನ್ನಿಗೂ ನಡುವೆ ಹೋಗಿ ಕುಳಿತಿತು.

ನಮ್ಮ ಎರೆಹೊಲಗಳಿಗೂ ಹೊರದೇಶದ ಪೇಟೆಗೂ ಮೊದಲ ದೊಡ್ಡ ನಂಟು ಬೆಳೆದದ್ದು ಅಮೇರಿಕೆಯ ಅಂತರ್ಯುದ್ಧದ ಕಾಲಕ್ಕೆ. ೧೮೬೧ರಿಂದ ೧೮೬೫ರ ವರೆಗೆ ಅಲ್ಲಿಯ ದಕ್ಷಿಣದ ಸಂಸ್ಥಾನಗಳಿಂದ ಹತ್ತಿ ಹೊರಡಲಿಲ್ಲ. ಲಂಕಾಶಾಯರದ ಗಿರಣಿಗಳು ಹತ್ತಿಗಾಗಿ ಹಾತೊರೆದವು. ಧಾರವಾಡ ಬೆಳಗಾವಿ ಸೀಮೆಯ ದೇಶೀ ಹತ್ತಿ ಕುಮಠಾ ಬಂದರದಿಂದ ಹೋಗುತ್ತಿದ್ದುದರಿಂದ 'ಕುಮಠಾ' ಎಂತಲೂ, ಅಮೇರಿಕೆಯ ಬೀಜದಿಂದ ಇಲ್ಲಿ ಬೆಳೆದದ್ದು 'ಧಾರವಾಡ-ಅಮೇರಿಕನ್' ಎಂತಲೂ ಹೊರಪೇಟೆಯಲ್ಲಿ ಹೆಸರಾದವು. ಆಗ ಈ ಕಡೆಗೆ ರೈಲು ಇರಲಿಲ್ಲ; ಘಟ್ಟವಿಳಿದು ಬಂಡಿಯ ಮೇಲೆಯೇ ಹತ್ತಿ ಹೋಗಬೇಕು. ಆದರೂ ಬೆಲೆಯು ಹಿಂದೆಂದೂ ಕಾಣದಷ್ಟು ಏರಿತು, ಬೆಳ್ಳಿಯು ಹೊಳೆಯಾಗಿ ಹರಿದು ಬಂದಿತು. ೧೮೬೫ರಲ್ಲಿ ಯುದ್ಧ ನಿಂತ ಸುದ್ದಿ ಬಂದದ್ದೇ ತಡ, ಬೆಲೆಯೆಲ್ಲ ಕುಸಿಯಿತು. ಮುಂಬಯಿಯಲ್ಲಿ ಸಟ್ಟಾ ಆಡಿದವರು ಮುಳುಗಿದರು. ಅದೇ ಪೆಟ್ಟಿನಿಂದ ಮುಂಬಯಿ ಬ್ಯಾಂಕು ಕೂಡ ಕೆಲವು ವರುಷಗಳಲ್ಲಿಯೇ ಮುಚ್ಚಿತು.

ಇದರಲ್ಲಿ ಮೊದಲನೆಯ ಕಾರಣವು ಕಾಣುವದು. ಒಂದು ದೇಶವು ಹತ್ತಿ, ತಾಮ್ರ, ಕಾಫಿ, ತೈಲ ಎಂಬ ಒಂದೆರಡು ಕಚ್ಚಾ ಮಾಲುಗಳನ್ನು ಮಾರಿಯೇ ಹೊರದೇಶದ ಹಣವನ್ನು ಗಳಿಸುತ್ತಿದ್ದರೆ ಅದರ ನಾಣ್ಯದ ಬೆಲೆಯೂ ಆ ಮಾಲಿನ ಬೆಲೆಯೊಡನೆ ಏರುವದು, ಇಳಿಯುವದು. ಝಾಂಬಿಯಾ ದೇಶಕ್ಕೆ ತಾಮ್ರ ಹೇಗೋ ಹಾಗೆ. ಮಾಲಿನ ಬೆಲೆಯನ್ನು ಕಟ್ಟುವವನು ಮಾತ್ರ ಆ ದೇಶದಲ್ಲಿ ಇರುವದಿಲ್ಲ.

ಎರಡನೆಯ ಕಾರಣವು ಇದಕ್ಕಿಂತ ಗಹನವಾದದ್ದು. ನನಗೆ ಅತ್ಯಂತ ಮಹತ್ವದ್ದೆಂದು ತೋರಿದ ಸಂಗತಿಯಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಜರ್ಮನಿಯು ೧೮೭೧ರಿಂದ ೧೮೭೩ರ ಒಳಗೆ ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯಕ್ಕೆ ಹೋಯಿತು. ಫ್ರಾನ್ಸ ಮೊದಲಾದ ದೇಶಗಳೂ ಬೆಳ್ಳಿಯ ನಾಣ್ಯಕ್ಕೆ ಮಿತಿ ಹಾಕಿದವು. ಬೇಡವಾದ ಬೆಳ್ಳಿಯು ಪೇಟೆಗೆ ಬಂದು ಬಿದ್ದು ಅದರ ಬೆಲೆ ಇಳಿಯುತ್ತ ಹೋಯಿತು. ನಮ್ಮ ರೂಪಾಯಿಯು ಬೆಳ್ಳಿಯದಾದುದರಿಂದ ಅದರ ಬೆಲೆಯೂ ಸುಮಾರು ಎರಡು ಶಿಲಿಂಗಿನಿಂದ ಇಪ್ಪತ್ತು ವರುಷಗಳಲ್ಲಿ ಒಂದು ಶಿಲಿಂಗು ಮೂರು ಪೆನ್ನಿಗೆ ಬಂದಿತು. ಇತ್ತ ಭಾರತ ಸರಕಾರವು ಪ್ರತಿವರುಷ ಲಂಡನ್ನಿಗೆ ಸಾಲದ ಬಡ್ಡಿ, ರೈಲ್ವೆಯ ಬಡ್ಡಿ, ನಿವೃತ್ತ ಅಧಿಕಾರಿಗಳ ಪೆನ್ಶನ್ ಮುಂತಾಗಿ 'ಹೋಮ್ ಚಾರ್ಜಿಸ್' ಎಂಬ ಹಣವನ್ನು ಕಳಿಸಬೇಕಾಗಿದ್ದಿತು. ಅದು ಪೌಂಡಿನಲ್ಲಿ, ಅಂದರೆ ಚಿನ್ನದಲ್ಲಿ. ಸರಕಾರದ ಗಳಿಕೆಯಾದರೋ ರೂಪಾಯಿಯಲ್ಲಿ.

೧೮೭೩–೭೪ರಲ್ಲಿ ೧ ಕೋಟಿ ೩೩ ಲಕ್ಷ ಪೌಂಡುಗಳನ್ನು ಕಳಿಸಲು ೧೪¼ ಕೋಟಿ ರೂಪಾಯಿ ಬೇಕಾದವು. ೧೮೯೨–೯೩ರಲ್ಲಿ ೧ ಕೋಟಿ ೬೫ ಲಕ್ಷ ಪೌಂಡುಗಳಿಗೆ ೨೬½ ಕೋಟಿ ರೂಪಾಯಿ ಬೇಕಾದವು. ಹಳೆಯ ದರವೇ ಇದ್ದಿದ್ದರೆ ೧೭¾ ಕೋಟಿಯಲ್ಲಿ ಈ ಕೆಲಸ ಮುಗಿಯುತ್ತಿದ್ದಿತು. ಅಂದರೆ ಆ ಒಂದೇ ವರುಷದಲ್ಲಿ ಸುಮಾರು ೮¾ ಕೋಟಿ ರೂಪಾಯಿ, ಯಾವ ಹೊಸ ಸಾಲವನ್ನೂ ಮಾಡದೆ, ಯಾವ ವಸ್ತುವನ್ನೂ ಕೊಳ್ಳದೆ, ಬರಿಯ ದರದ ಇಳಿತದಿಂದ ಹೆಚ್ಚಿಗೆ ತೆರಬೇಕಾಯಿತು.

ಇದನ್ನು ತುಂಬಿದವರು ಯಾರು? ಮುಂಬಯಿ ಇಲಾಖೆಯಲ್ಲಿ ಭೂಕಂದಾಯವನ್ನು ಮೂವತ್ತು ವರುಷಕ್ಕೊಮ್ಮೆ ಗೊತ್ತುಮಾಡುತ್ತಿದ್ದುದರಿಂದ ನಮ್ಮ ಸಂಪಗಾವಿ, ಪರಸಗಡ ತಾಲೂಕುಗಳ ರೈತನ ಮೇಲೆ (ಈಗಿನ ಬೈಲಹೊಂಗಲ, ಸವದತ್ತಿಗಳಿಗೆ ಆಗ ಇದ್ದ ಹೆಸರುಗಳಿವು) ಒಮ್ಮೆಲೆ ಕಂದಾಯ ಏರಿಸುವಂತಿರಲಿಲ್ಲ. ಆಗ ಸರಕಾರದ ಕೈ ಉಪ್ಪಿನ ಕಡೆಗೆ ಹೋಯಿತು. ೧೮೮೮ರಲ್ಲಿ ಮಣಕ್ಕೆ ಎರಡು ರೂಪಾಯಿ ಇದ್ದ ಉಪ್ಪಿನ ಕರವನ್ನು ಎರಡೂವರೆ ರೂಪಾಯಿಗೆ ಏರಿಸಿದರು. ಲಂಡನ್ನಿನಲ್ಲಿ ಬೆಳ್ಳಿ ಇಳಿದರೆ ಸವದತ್ತಿಯ ಗುಡಿಸಲಿನಲ್ಲಿ ಅಂಬಲಿಗೆ ಹಾಕುವ ಉಪ್ಪು ತುಟ್ಟಿಯಾಗುವದೆಂಬ ಈ ಸಂಗತಿಯನ್ನು ಓದಿದಾಗ ನನಗೆ ವಿನಿಮಯದ ಅಧ್ಯಾಯವು ಮೊದಲ ಸಲ ಅರ್ಥವಾಯಿತು. ಕೊನೆಗೆ ಹರ್ಶೆಲ್ ಸಮಿತಿಯ ಸಲಹೆಯಂತೆ ೧೮೯೩ನೆಯ ಜೂನಿನಲ್ಲಿ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿ, ಕೆಲ ವರುಷಗಳಲ್ಲಿ ರೂಪಾಯಿಯನ್ನು ೧ ಶಿಲಿಂಗು ೪ ಪೆನ್ನಿಗೆ ನಿಲ್ಲಿಸಿದರು.

ಪರರ ನಾಣ್ಯದಲ್ಲಿ ಸಾಲ ಮಾಡಬೇಕಾಗುವ ಈ ದುರವಸ್ಥೆಗೆ ೧೯೯೯ರಲ್ಲಿ ಐಚೆನ್‌ಗ್ರೀನ್ ಮತ್ತು ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 'ಮೂಲಪಾಪ' ಎಂಬ ಹೆಸರನ್ನಿಟ್ಟರು. ಬಡದೇಶದ ನಾಣ್ಯವನ್ನು ಹೊರದೇಶದ ಸಾಹುಕಾರನು ನಂಬುವದಿಲ್ಲ. ಡಾಲರಿನಲ್ಲಿ ಬರೆದುಕೊಟ್ಟರೆ ಮಾತ್ರ ಸಾಲ ಕೊಡುವನು. ೧೯೯೭ರಲ್ಲಿ ಥಾಯ್ಲಂಡಿಗೆ ಆದದ್ದು ಇದೇ. ಅಲ್ಲಿಯ ಕಂಪನಿಗಳು ಅಗ್ಗದ ಬಡ್ಡಿಗೆ ಡಾಲರು ತಂದು ಊರಲ್ಲಿ ಕಟ್ಟಡಗಳನ್ನು ಕಟ್ಟಿದವು. ಬಾಡಿಗೆ ಬರುವದು ಬಾತಿನಲ್ಲಿ, ಸಾಲ ತೀರಿಸುವದು ಡಾಲರಿನಲ್ಲಿ. ಜುಲೈ ೨ರಂದು ಸರಕಾರವು ಕೈಬಿಟ್ಟಾಗ ಡಾಲರಿಗೆ ೨೫ ಇದ್ದ ಬಾತು ಆರು ತಿಂಗಳಲ್ಲಿ ೫೦ನ್ನು ದಾಟಿತು. ಸಾಲ ತಾನಾಗಿಯೇ ಇಮ್ಮಡಿಯಾಯಿತು. ಇಂಡೋನೇಶಿಯದ ರುಪಯ್ಯದ ಪಾಡು ಇನ್ನೂ ಘೋರ. ೨,೪೦೦ರ ಸುಮಾರಿಗೆ ಇದ್ದದ್ದು ಮರುವರುಷ ೧೫,೦೦೦ಕ್ಕೂ ಮೇಲೆ ಹೋಯಿತು. ಇವರೆಲ್ಲ ನೂರು ವರುಷಗಳ ಹಿಂದಿನ ನಮ್ಮ ಹೋಮ್ ಚಾರ್ಜಿಸ್ ಲೆಕ್ಕವನ್ನು ಓದಿದ್ದರೆ ಎಚ್ಚರಾಗುತ್ತಿದ್ದರೋ ಏನೋ!

ಮತ್ತೆ ನಮ್ಮ ನಾಡಿಗೆ ಬರುವಾ. ಬೆಳ್ಳಿ ಇಳಿಯುತ್ತಿದ್ದ ಆ ಇಪ್ಪತ್ತು ವರುಷಗಳಲ್ಲಿ ಹತ್ತಿ ಮಾರುವವನಿಗೆ ಒಂದು ಅನುಕೂಲವೂ ಇದ್ದಿತು. ಲಿವರಪೂಲಿನಲ್ಲಿ ಹತ್ತಿಯ ಬೆಲೆ ಚಿನ್ನದ ಲೆಕ್ಕದಲ್ಲಿ ಇಳಿದರೂ ರೂಪಾಯಿಯೂ ಇಳಿಯುತ್ತಿದ್ದುದರಿಂದ ಇಲ್ಲಿ ಧಾರಣೆಯು ಅಷ್ಟು ಕುಸಿಯಲಿಲ್ಲ. ಆದುದರಿಂದಲೇ ಮುಂದೆ ೧೯೨೬ರಲ್ಲಿ ಹಿಲ್ಟನ್ ಯಂಗ್ ಆಯೋಗವು ರೂಪಾಯಿಗೆ ೧ ಶಿಲಿಂಗು ೬ ಪೆನ್ನಿ ಎಂದು ಹೇಳಿದಾಗ ದೊಡ್ಡ ವಾದವೆದ್ದಿತು. ರೂಪಾಯಿಯ ಬೆಲೆ ಮೇಲಿದ್ದರೆ ರೈತನ ಹತ್ತಿಗೆ ಕಡಿಮೆ ರೂಪಾಯಿ ಬರುವದು, ೧ ಶಿಲಿಂಗು ೪ ಪೆನ್ನಿಯೇ ಇರಲಿ ಎಂದು ಮುಂಬಯಿಯ ಪುರುಷೋತ್ತಮದಾಸ ಠಾಕೂರದಾಸರು ಆಯೋಗದೊಳಗೇ ಭಿನ್ನಮತವನ್ನು ಬರೆದರು.

ಆದರೆ ೧೯೨೩ರಲ್ಲಿಯೇ 'ದಿ ಪ್ರಾಬ್ಲೆಮ್ ಆಫ್ ದಿ ರುಪೀ' ಎಂಬ ಗ್ರಂಥವನ್ನು ಪ್ರಕಟಿಸಿದ್ದ ಡಾ. ಬಾಬಾಸಾಹೇಬ ಅಂಬೇಡಕರರು ಈ ವಾದದ ಇನ್ನೊಂದು ಮುಖವನ್ನು ತೋರಿಸಿದ್ದರು. ನಾಣ್ಯದ ಬೆಲೆ ಇಳಿದಾಗ ರಫ್ತು ಮಾಡುವವನಿಗೆ ಬರುವ ಲಾಭವು ಪರದೇಶದಿಂದ ಬಂದ ಲಾಭವಲ್ಲ. ಊರೊಳಗೆ ಬೆಲೆಗಳು ಏರಿ ಕೂಲಿಯು ಏರದೆ ಉಳಿದುದರಿಂದ ಕೂಲಿಯವನ ಕಿಸೆಯಿಂದ ಬಂದದ್ದು ಎಂಬದು ಅವರ ವಾದದ ತಾತ್ಪರ್ಯ. ನಾಣ್ಯದ ಮಾತು ಬಂದಾಗ ನಾವು 'ದೇಶಕ್ಕೆ ಲಾಭ', 'ದೇಶಕ್ಕೆ ನಷ್ಟ' ಎಂದು ಸಲೀಸಾಗಿ ಬರೆಯುತ್ತೇವೆ. ದೇಶದೊಳಗೆ ಯಾರಿಗೆ ಎಂದು ಕೇಳುವದನ್ನು ನಾನು ಈ ಪುಸ್ತಕದ ಪರಿಚಯದಿಂದ ಕಲಿತೆ. ನಮ್ಮ ಹೊಲದಲ್ಲಿ ಹತ್ತಿ ಬಿಡಿಸಲು ಬರುವ ಹೆಣ್ಣುಮಕ್ಕಳು ಅಂಡಿಗೆಯ ಒಡೆಯರಲ್ಲ. ಡಾಲರು ಏರಿ ಧಾರಣೆ ಉಳಿದರೂ ಅವರಿಗೆ ಅದರಲ್ಲಿ ಪಾಲಿಲ್ಲ, ಅಂಗಡಿಯಲ್ಲಿ ಎಣ್ಣೆ ತುಟ್ಟಿಯಾದರೆ ಮಾತ್ರ ಪಾಲುಂಟು.

೧೯೨೭ರಲ್ಲಿ ೧ ಶಿಲಿಂಗು ೬ ಪೆನ್ನಿಯೇ ಕಾಯದೆಯಾಯಿತು. ಎರಡು ವರುಷಗಳಲ್ಲಿ ಜಗತ್ತಿನ ಮಹಾ ಮುಗ್ಗಟ್ಟು ಬಂದು ಹತ್ತಿಯ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಕಂದಾಯ, ಸಾಲ ಇದ್ದಷ್ಟೇ ಇದ್ದವು. ೧೯೩೧ರ ಸಪ್ಟಂಬರದಲ್ಲಿ ಬ್ರಿಟನ್ನು ಚಿನ್ನವನ್ನು ಬಿಟ್ಟಮೇಲೆ ಚಿನ್ನದ ಬೆಲೆ ಏರಿತು. ಆಗ ಸಾಲಕ್ಕೆ ಸಿಕ್ಕ ರೈತರ ಮನೆಯ ಹೆಣ್ಣುಮಕ್ಕಳ ಮೈಮೇಲಿನ ಬಂಗಾರವು ಸರಾಫರ ಕೈಸೇರಿ ಮುಂಬಯಿಯಿಂದ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಇತಿಹಾಸಕಾರರು ಅದನ್ನು ಸಂಕಟದ ಚಿನ್ನವೆಂದು ಕರೆದಿದ್ದಾರೆ.

ಸ್ವಾತಂತ್ರ್ಯಾನಂತರದ ಘಟನೆಗಳು ವಾಚಕರಿಗೆ ಹೆಚ್ಚು ಪರಿಚಿತವಾದುದರಿಂದ ಬೇಗ ದಾಟುತ್ತೇನೆ. ೧೯೪೯ರ ಸಪ್ಟಂಬರದಲ್ಲಿ ಪೌಂಡಿನೊಡನೆ ನಮ್ಮ ರೂಪಾಯಿಯನ್ನೂ ಇಳಿಸಿ ಡಾಲರಿಗೆ ೪.೭೬ ಎಂದು ಮಾಡಿದರು. ಪಾಕಿಸ್ತಾನವು ತನ್ನದನ್ನು ಇಳಿಸಲಿಲ್ಲವಾದುದರಿಂದ ಅಲ್ಲಿಯ ಹತ್ತಿ, ಸೆಣಬು ನಮಗೆ ತುಟ್ಟಿಯಾಗಿ ಎರಡೂ ದೇಶಗಳ ವ್ಯಾಪಾರವೇ ಕಟ್ಟಿಹೋಯಿತು. ೧೯೬೬ನೆಯ ಜೂನ್ ೬ರಂದು ಇಂದಿರಾ ಗಾಂಧಿಯವರ ಸರಕಾರವು ೪.೭೬ನ್ನು ೭.೫೦ಕ್ಕೆ ಇಳಿಸಿತು. ೧೯೬೨ ಮತ್ತು ೧೯೬೫ರ ಯುದ್ಧಗಳ ಖರ್ಚು, ಅದರ ಮೇಲೆ ಬರಗಾಲ, ಅಮೇರಿಕೆಯಿಂದ ಬರುವ ಗೋದಿ, ನಿಂತುಹೋದ ನೆರವು, ಊರೊಳಗೆ ಏರುತ್ತಿದ್ದ ಬೆಲೆಗಳು ಇವೆಲ್ಲ ಅದಕ್ಕೆ ಕಾರಣಗಳು. ಇಲ್ಲಿ ಮೂರನೆಯ ಕಾರಣವು ಕಾಣುವದು. ಒಂದು ದೇಶದಲ್ಲಿ ಹಣದುಬ್ಬರವು ಹೊರಗಿನವರಿಗಿಂತ ಹೆಚ್ಚಾಗಿದ್ದರೆ, ಇವತ್ತಲ್ಲ ನಾಳೆ ಅದರ ನಾಣ್ಯ ಇಳಿಯಲೇಬೇಕು. ಡಾಲರಿಗೆ ೧೯೪೯ರಲ್ಲಿ ೪.೭೬, ೧೯೯೧ರ ಕೊನೆಗೆ ೨೬ರ ಸಮೀಪ, ೨೦೨೩ರಲ್ಲಿ ೮೨: ಈ ಮೆಟ್ಟಿಲುಗಳಲ್ಲಿ ಬಹುಪಾಲನ್ನು ಈ ಒಂದು ಕಾರಣವೇ ಕಟ್ಟಿದೆ. ನಿಧಾನವಾಗಿ ಇಳಿಯುವದು ಅಷ್ಟು ಗಂಡಾಂತರವಲ್ಲ, ಜನರು ಅದಕ್ಕೆ ಹೊಂದಿಕೊಳ್ಳುವರು. ಬಹುಕಾಲ ಬಲವಂತವಾಗಿ ಹಿಡಿದಿಟ್ಟು ಒಂದು ರಾತ್ರಿ ಕೈಬಿಡುವದೇ ಗಂಡಾಂತರ.

೧೯೯೦–೯೧ರಲ್ಲಿ ಕೊಲ್ಲಿಯ ಯುದ್ಧದಿಂದ ತೈಲ ತುಟ್ಟಿಯಾಯಿತು, ಕುವೈತದಲ್ಲಿದ್ದ ನಮ್ಮವರು ಕೈಬೀಸಿಕೊಂಡು ಮರಳಿದರು, ಅನಿವಾಸಿಗಳು ಬ್ಯಾಂಕುಗಳಲ್ಲಿಟ್ಟ ಠೇವುಗಳನ್ನು ಹಿಂದೆಗೆದುಕೊಳ್ಳಹತ್ತಿದರು. ಹೊರದೇಶದ ಹಣದ ಸಂಗ್ರಹ ಸುಮಾರು ೧೨೦ ಕೋಟಿ ಡಾಲರಿಗೆ ಇಳಿಯಿತು. ಎರಡು ಮೂರು ವಾರಗಳ ಆಮದಿಗೂ ಅದು ಸಾಲದು. ಮೇ ತಿಂಗಳಲ್ಲಿ ೨೦ ಟನ್ನು ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮುಖಾಂತರ ಮಾರಿ, ಜುಲೈದಲ್ಲಿ ರಿಝರ್ವ ಬ್ಯಾಂಕಿನ ಸುಮಾರು ೪೭ ಟನ್ನು ಚಿನ್ನವನ್ನು ಒತ್ತೆಯಾಗಿ ಕಳಿಸಿದರು. ಜುಲೈ ೧ ಮತ್ತು ೩ರಂದು ರೂಪಾಯಿಯನ್ನು ಎರಡು ಸಲ ಇಳಿಸಿದರು. ೧೯೩೧ರಲ್ಲಿ ಮನೆಮನೆಯ ಬಂಗಾರ ಹೋಯಿತು, ೧೯೯೧ರಲ್ಲಿ ಸರಕಾರದ ಬಂಗಾರ ಹೋಯಿತು. ಅರವತ್ತು ವರುಷಗಳ ಅಂತರದಲ್ಲಿ ಲಂಡನ್ನಿನ ದಾರಿ ಮಾತ್ರ ಒಂದೇ!

ಆ ಮೇಲೆ ಸರಕಾರವು ಹೊರದೇಶದ ಬಂಡವಾಳಕ್ಕೆ ಬಾಗಿಲು ತೆರೆಯಿತು. ಇದರಿಂದ ನಾಲ್ಕನೆಯ ಕಾರಣವು ಒಳಗೆ ಬಂದಿತು. ಶೇರು, ಸಾಲಪತ್ರಗಳಲ್ಲಿ ತೊಡಗಿಸಿದ ಹಣವು ಕಾರಖಾನೆಯಂತೆ ನೆಲಕ್ಕೆ ಅಂಟಿಕೊಂಡಿರುವದಿಲ್ಲ. ಅಮೇರಿಕೆಯಲ್ಲಿ ಬಡ್ಡಿ ಏರಿತೆಂದರೆ ಕಾಗೆಯ ಹಿಂಡಿನಂತೆ ಹಾರಿಹೋಗುವದು. ೨೦೧೩ನೆಯ ಮೇ ತಿಂಗಳಲ್ಲಿ ಅಮೇರಿಕೆಯ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬರ್ನಾಂಕಿಯವರು ಹಣ ಹೊರಬಿಡುವದನ್ನು ಕಡಿಮೆಮಾಡಬಹುದೆಂದು ಬರಿಯ ಮಾತನ್ನಾಡಿದರು. ೫೫ರ ಸುಮಾರಿಗೆ ಇದ್ದ ಡಾಲರು ಆಗಸ್ಟ ೨೮ರಂದು ೬೮ನ್ನು ದಾಟಿತು. ಬ್ರಾಝಿಲ, ಇಂಡೋನೇಶಿಯ, ದಕ್ಷಿಣ ಆಫ್ರಿಕೆ, ತುರ್ಕಸ್ತಾನಗಳಿಗೂ ಇದೇ ಗತಿಯಾಯಿತು. ಈ ಐದನ್ನೇ ಗಾಳಿ ಹೊಡೆದದ್ದು ಯಾಕೆ? ಇವುಗಳ ಚಾಲ್ತಿ ಖಾತೆಯಲ್ಲಿ ಕೊರತೆ ಇದ್ದುದರಿಂದ. ನಮ್ಮ ಕೊರತೆ ೨೦೧೨–೧೩ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇಕಡಾ ೪.೮ರಷ್ಟಿದ್ದಿತು, ತೈಲದ ಜೊತೆಗೆ ನಾವು ತರಿಸಿಕೊಳ್ಳುತ್ತಿದ್ದ ಬಂಗಾರವೂ ಅದಕ್ಕೆ ಕಾರಣ. ರೂಪಾಯಿ ಇಳಿದೀತೆಂದು ಅಂಜಿ ಜನರು ಬಂಗಾರ ಕೊಳ್ಳುವರು, ಕೊಂಡದ್ದರಿಂದಲೇ ರೂಪಾಯಿ ಇಳಿಯುವದು. ಮದುವೆಯ ಕಾಲಕ್ಕೆ ಬೈಲಹೊಂಗಲದ ಸರಾಫ ಕಟ್ಟೆಯಲ್ಲಿ ನೂಕುನುಗ್ಗಲು ಕಂಡಾಗ ನನಗೆ ಈಗ ಬೇರೆಯೇ ವಿಚಾರ ಬರುತ್ತದೆ; ಅದನ್ನು ಮನೆಯಲ್ಲಿ ಹೇಳುವ ಧೈರ್ಯವಿಲ್ಲ. ಆ ವರುಷ ರಿಝರ್ವ ಬ್ಯಾಂಕು ಅನಿವಾಸಿಗಳ ಡಾಲರು ಠೇವುಗಳಿಗೆ ದರದ ಹೊಣೆಯನ್ನು ತಾನೇ ಹೊತ್ತು ಸುಮಾರು ೨,೬೦೦ ಕೋಟಿ ಡಾಲರು ತರಿಸಿಕೊಂಡು ರೂಪಾಯಿಯನ್ನು ನಿಲ್ಲಿಸಿತು.

ಈಗ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಅರಳೆಯನ್ನು ನಮ್ಮಲ್ಲಿ ೩೫೬ ಕಿಲೋ ತೂಕದ ಖಂಡಿಯಲ್ಲಿ ಲೆಕ್ಕ ಹಿಡಿಯುತ್ತಾರೆ. ನ್ಯೂಯಾರ್ಕದ ಪೇಟೆಯಲ್ಲಿ ಪೌಂಡು ತೂಕಕ್ಕೆ ಇಷ್ಟು ಸೆಂಟು ಎಂದು. ಒಂದು ಖಂಡಿ ಅಂದರೆ ಸುಮಾರು ೭೮೫ ಪೌಂಡು. ೨೦೨೨ರ ಮೇ ತಿಂಗಳಲ್ಲಿ ನ್ಯೂಯಾರ್ಕದ ಬೆಲೆ ೧೫೦ ಸೆಂಟಿನ ಆಸುಪಾಸಿಗೆ ಇದ್ದಿತು, ಡಾಲರು ೭೭ ರೂಪಾಯಿ. ಗುಣಿಸಿದರೆ ಖಂಡಿಗೆ ಸುಮಾರು ೯೦,೬೦೦ ರೂಪಾಯಿ ಆಗುವದು. (ಆ ದಿನಗಳಲ್ಲಿ ನಮ್ಮ ದೇಶದ ಪೇಟೆಯಲ್ಲಿ ಖಂಡಿಯು ಒಂದು ಲಕ್ಷವನ್ನೂ ದಾಟಿದ್ದಿತು.) ಒಂದು ವರುಷದ ತರುವಾಯ ನ್ಯೂಯಾರ್ಕ ೮೦ ಸೆಂಟಿನ ಆಸುಪಾಸಿಗೆ ಬಂದಿತು, ಡಾಲರು ೮೨ ಆಯಿತು. ಗುಣಿಸಿದರೆ ೫೧,೫೦೦. ಡಾಲರು ೭೭ರಲ್ಲಿಯೇ ನಿಂತಿದ್ದರೆ ೪೮,೩೦೦ ಆಗುತ್ತಿದ್ದಿತು. ಅಂದರೆ ರೂಪಾಯಿ ಇಳಿದುದರಿಂದ ಖಂಡಿಗೆ ಮೂರು ಸಾವಿರದಷ್ಟು ಉಳಿಯಿತು, ಹತ್ತಿಯ ಬೆಲೆಯೇ ಬಿದ್ದುದರಿಂದ ನಲವತ್ತು ಸಾವಿರಕ್ಕೂ ಮೇಲೆ ಹೋಯಿತು. ದಲಾಲಿ ಅಂಗಡಿಯವರ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇದ್ದಿತು.

ಆದರೆ ಆ ಮೂರು ಸಾವಿರವಾದರೂ ನಮ್ಮ ಕೈಯಲ್ಲಿ ಉಳಿಯಿತೇ? ಡಿಎಪಿ ಗೊಬ್ಬರವೂ ಅದರ ಕಚ್ಚಾ ಮಾಲೂ ಬಹುಪಾಲು ಹೊರಗಿನಿಂದ ಬರುವವು. ೨೦೨೧ರ ಮೇ ತಿಂಗಳಲ್ಲಿ ಒಂದು ಚೀಲದ ನಿಜವಾದ ಬೆಲೆ ೨,೪೦೦ಕ್ಕೆ ಹೋದಾಗ ಕೇಂದ್ರ ಸರಕಾರವು ಸಹಾಯಧನವನ್ನು ಚೀಲಕ್ಕೆ ೫೦೦ರಿಂದ ೧,೨೦೦ಕ್ಕೆ ಏರಿಸಿ ರೈತನಿಗೆ ೧,೨೦೦ಕ್ಕೇ ಸಿಗುವಂತೆ ಮಾಡಿತು. ನಾಣ್ಯದ ಗಂಡಾಂತರವನ್ನು ಇಲ್ಲಿ ಬೊಕ್ಕಸ ಹೊತ್ತಿತು. ಹೊರಲಾರದ ಸರಕಾರವಿದ್ದರೆ ಏನಾಗುವದೆಂಬದನ್ನು ನೆರೆಯ ಶ್ರೀಲಂಕೆಯಲ್ಲಿ ನೋಡಬಹುದು. ಅಲ್ಲಿ ೨೦೨೧ರಲ್ಲಿ ಡಾಲರು ಉಳಿಸುವ ಆತುರವೂ ಸೇರಿ ರಸಗೊಬ್ಬರದ ಆಮದನ್ನೇ ನಿಲ್ಲಿಸಿದರು, ಬೆಳೆ ಕೆಟ್ಟಿತು. ೨೦೨೨ರ ಏಪ್ರಿಲದಲ್ಲಿ ಹೊರಸಾಲ ತೀರಿಸಲಾರೆವೆಂದು ಸಾರಿದರು. ಡಾಲರಿಗೆ ೨೦೦ ಇದ್ದ ಅವರ ರೂಪಾಯಿ ಕೆಲವೇ ವಾರಗಳಲ್ಲಿ ೩೫೦ನ್ನು ದಾಟಿತು. ಡೀಸೆಲ್ಲಿಗೆ ನಮ್ಮಲ್ಲಿ ಅಂಥ ಕಾವಲೂ ಇಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಹೊರಗಿನದು. ರಾಮದುರ್ಗದ ನೇಕಾರನು ನೂಲನ್ನು ರೂಪಾಯಿಯಲ್ಲಿ ಕೊಂಡು ಸೀರೆಯನ್ನು ರೂಪಾಯಿಯಲ್ಲಿಯೇ ಮಾರುವನು. ಡಾಲರನ್ನು ಕಣ್ಣಿನಿಂದ ಕಂಡವನಲ್ಲ. ಆದರೂ ನೂಲಿನ ಬೆಲೆ ಅರಳೆಯೊಡನೆ, ಅರಳೆ ನ್ಯೂಯಾರ್ಕದೊಡನೆ ಕುಣಿಯುವದರಿಂದ ಅವನೂ ಈ ಲೆಕ್ಕದ ಹೊರಗಿಲ್ಲ. ಸೀರೆಯ ಬೆಲೆಯನ್ನು ವಾರವಾರಕ್ಕೆ ಏರಿಸಲು ಮಾತ್ರ ಅವನಿಂದಾಗದು.

ಎಲ್ಲದಕ್ಕೂ ಡಾಲರಿನ ಕಡೆಗೆ ಕೈತೋರಿಸುವದೂ ಸರಿಯಲ್ಲವೆಂಬದನ್ನು ಇಲ್ಲಿ ಹೇಳಲೇಬೇಕು. ೧೯೭೨ರಲ್ಲಿ ವರಲಕ್ಷ್ಮಿ ಎಂಬ ಸಂಕರಣ ಹತ್ತಿ ಧಾರವಾಡದಿಂದ ಹೊರಬಂದು ಮಲಪ್ರಭೆಯ ನೀರಿನ ಬಲದಿಂದ ಸವದತ್ತಿ, ನರಗುಂದ, ನವಲಗುಂದಗಳ ಎರೆಹೊಲಗಳಲ್ಲಿ ಹಬ್ಬಿತು. ಎಲ್ಲರೂ ಅದನ್ನೇ ಬೆಳೆದಾಗ ಧಾರಣೆ ಬಿದ್ದಿತು, ಸರಕಾರದ ಅಭಿವೃದ್ಧಿ ಕರವೂ ಅದಕ್ಕೆ ಕೂಡಿತು, ೧೯೮೦ರ ಜುಲೈದಲ್ಲಿ ರೈತರು ಬಂಡೆದ್ದರು. ಅಲ್ಲಿ ಕೈವಾಡವಿದ್ದದ್ದು ವಿನಿಮಯ ದರದ್ದಲ್ಲ, ನಮ್ಮ ಮನೆಯ ಲೆಕ್ಕಾಚಾರದ್ದು. ದಲಾಲರು 'ನ್ಯೂಯಾರ್ಕ' ಎಂದೊಡನೆ ನಾವು ತೂಕ, ಹಸಿ, ಕಸ, ಅಡತಗಳ ಮಾತನ್ನು ಕೇಳುವದನ್ನು ಬಿಟ್ಟುಬಿಡುತ್ತೇವೆ.

ಈ ಗಂಡಾಂತರದಿಂದ ತಪ್ಪಿಸಿಕೊಳ್ಳುವ ಉಪಾಯಗಳು ಇಲ್ಲವೆಂದಲ್ಲ. ದೇಶವು ಸಂಗ್ರಹವನ್ನು ಬೆಳೆಸಿದೆ. ೧೯೯೧ರ ೧೨೦ ಕೋಟಿ ಡಾಲರು ೨೦೨೪ರ ಸಪ್ಟಂಬರದಲ್ಲಿ ೭೦ ಸಾವಿರ ಕೋಟಿಯಾಗಿದ್ದಿತು. ಸರಕಾರವು ತನ್ನ ಸಾಲವನ್ನು ಬಹುಮಟ್ಟಿಗೆ ರೂಪಾಯಿಯಲ್ಲಿಯೇ ಮಾಡುತ್ತದೆ. ಹೋಮ್ ಚಾರ್ಜಿಸ್ ಕಾಲದ ಮೂಲಪಾಪ ಬಹಳಷ್ಟು ತೊಳೆದಿದೆ. ಅರಳೆಯನ್ನು ಹೊರಗೆ ಕಳಿಸುವ ವ್ಯಾಪಾರಿಯು ಆರು ತಿಂಗಳ ಮುಂದೆ ಬರುವ ಡಾಲರಿಗೆ ಇವತ್ತಿನ ದಿವಸವೇ ಬ್ಯಾಂಕಿನಲ್ಲಿ ದರ ಕಟ್ಟಿಸಿಕೊಳ್ಳಬಲ್ಲನು. ಬೆಲೆಗೆ ವಾಯದೆ ಪೇಟೆಯಿದೆ. ಇವು ದೊಡ್ಡವರ ಉಪಾಯಗಳು. ಹತ್ತು ಅಂಡಿಗೆಯ ರೈತನಿಗೆ ವಾಯದೆ ಪೇಟೆಯ ಬಾಗಿಲು ಎಲ್ಲಿದೆಯೆಂಬದೇ ತಿಳಿಯದು. ಅವನಿಗಿರುವದು ಬೆಂಬಲ ಬೆಲೆಯೊಂದೇ. ಅದೂ ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆದರೆ. ಹತ್ತಿಯನ್ನು ಮನೆಯಲ್ಲಿ ತುಂಬಿಟ್ಟು ಕಾಯುವದೂ ಒಂದು ವಾಯದೆಯೇ ಎಂದು ನನಗೀಗ ಅನಿಸುತ್ತದೆ. ಡಾಲರಿನ ಮೇಲೂ ನ್ಯೂಯಾರ್ಕದ ಮೇಲೂ ಎರಡು ಪಣಗಳನ್ನು ಒಟ್ಟಿಗೇ ಹೂಡಿ, ಹೂಡಿದ್ದೇವೆಂಬ ಅರಿವಿಲ್ಲದೆ, ಇಲಿಗಳಿಂದಲೂ ಬೆಂಕಿಯಿಂದಲೂ ಅಂಡಿಗೆಯನ್ನು ಕಾಯುತ್ತ ಕುಳಿತಿರುತ್ತೇವೆ.

ಈ ಲೆಕ್ಕವನ್ನೆಲ್ಲ ಒಂದು ಸಂಜೆ ತಂದೆಯವರ ಮುಂದೆ ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಅಂದ್ರ ಡಾಲರ್ ಏರಿದ್ರ ಮಾರೂ ದಿನ ಛಲೋ, ಬಿತ್ತೂ ದಿನ ಕೆಟ್ಟ" ಅಂದರು. ಆ ಮೇಲೆ, "ಮುಂದಿನ ವರ್ಷ ಏರತೈತ್ಯೋ ಇಳೀತೈತ್ಯೋ ಅದನ್ನ ಹೇಳು" ಎಂದು ಕೇಳಿದರು. ಹೇಳಲು ಬರುವದಿಲ್ಲವೆಂದೆ. ಈ ಸಲದ ಸುಗ್ಗಿಯಲ್ಲಿ ಅರ್ಧ ಹತ್ತಿಯನ್ನು ಬಿಡಿಸಿದ ವಾರದಲ್ಲಿಯೇ ಬೈಲಹೊಂಗಲಕ್ಕೆ ಕಳಿಸಿದೆವು. ಉಳಿದ ಅರ್ಧ ಇನ್ನೂ ಪಡಸಾಲೆಯಲ್ಲಿದೆ.